ಅಂಚು ಕಟ್ಟಿದ ಮೇಜು

ಜನವರಿ ೮

ಅಪ್ಪ,

ಹೋದ ವಾರ ಫೋನಿನಲ್ಲಿ ನೀನು ಆಡಿದ ಒಟ್ಟು ಮಾತು ಇಷ್ಟು: "ಹಲೋ", "ಊಟ ಆಯ್ತಾ", "ಸರಿ, ಅಮ್ಮಂಗೆ ಕೊಡು." ಅಮ್ಮನ ಹತ್ತಿರವೂ ಅಷ್ಟೇ, "ಸರಿ, ಮಗಳಿಗೆ ಕೊಡು." ಹಡಗಿನ ಎಂಜಿನ್ ರೂಮಿನ ಗದ್ದಲದಲ್ಲಿ ವರ್ಷಗಟ್ಟಲೆ ಕೈಸನ್ನೆಯಲ್ಲೇ ಮಾತಾಡಿ ನಿನ್ನ ನಾಲಿಗೆಗೆ ತುಕ್ಕು ಹಿಡಿದಿದೆ. ಕಾಗದದಲ್ಲಾದರೆ ನಿನಗೆ ಬಾಯಿ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿಯ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿನಲ್ಲಿ ನಿನ್ನ ಕೈ ಸೇರುತ್ತದಂತೆ.

ಜುಲೈಯಲ್ಲಿ ನೀನು ಕೊನೆಯ ಸಲ ಹಡಗಿಳಿದು ಮನೆಗೆ ಬರುತ್ತೀಯಲ್ಲ, ಅಷ್ಟರೊಳಗೆ ನಡುಮನೆಯನ್ನೂ ಅಡುಗೆಮನೆಯನ್ನೂ ಹೊಸದಾಗಿ ಮಾಡಿಸೋಣ ಅಂತ ಅಮ್ಮ ಹೊರಟಿದ್ದಾಳೆ. ಕೆಲಸ ನನಗೇ ಕೊಟ್ಟಿದ್ದಾಳೆ. ಕಂಡವರ ಮನೆಗೆಲ್ಲ ಬಣ್ಣ, ಪರದೆ, ಕಪಾಟು ಆರಿಸಿಕೊಡುವುದೇ ನನ್ನ ಕಸುಬು, ನಮ್ಮ ಮನೆ ಯಾವ ಮಹಾ ಅಂದುಕೊಂಡಿದ್ದೆ. ಈಗ ತಲೆ ಕೆಟ್ಟು ಕೂತಿದ್ದೇನೆ.

ಅಮ್ಮನಿಗೆ ಎಲ್ಲವೂ ಬಿಳಿ ಬೇಕು, ನುಣುಪು ಬೇಕು, ಒಂದು ಸಲ ಬಟ್ಟೆ ಎಳೆದರೆ ಶುಚಿಯಾಗಬೇಕು. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ ನೋಡಿ ನೋಡಿ ಅವಳಿಗೆ ನಮ್ಮ ಕಣ್ಣಿಗೆ ಕಾಣದ ಕೊಳೆಯೆಲ್ಲ ಕಾಣುತ್ತದೆ. ಅಜ್ಜಿಗೆ ತನ್ನ ಸಾಮಾನು ಬೇಕು. ರಸ್ತೆ ಅಗಲ ಮಾಡುವಾಗ ಅವಳ ಮನೆ ಹೋದ ಮೇಲೆ ಅವಳ ಜೊತೆ ಬಂದ ಬೀಸುವ ಕಲ್ಲು, ಬಿದಿರಿನ ಬುಟ್ಟಿಗಳು, ಬಿಚ್ಚಿ ಕಟ್ಟಿದ ಕಣಜದ ಹಲಗೆಗಳು ಇನ್ನೂ ಹಿಂದಿನ ವರಾಂಡದಲ್ಲಿ ಗೋಣಿತಾಟು ಹೊದ್ದು ಮಲಗಿವೆ. ಅಮ್ಮ ಅದನ್ನೆಲ್ಲ "ಗುಜರಿ" ಅನ್ನುತ್ತಾಳೆ, ಅಜ್ಜಿ ಇಲ್ಲದಾಗ. ಅಜ್ಜಿ ಅಮ್ಮನ ಅಡುಗೆಮನೆಯನ್ನು "ಆಪರೇಷನ್ ಥಿಯೇಟರ್" ಅನ್ನುತ್ತಾಳೆ, ಅಮ್ಮ ಇದ್ದಾಗಲೇ.

ಇದೆಲ್ಲ ತಮಾಷೆ. ತಮಾಷೆಯಲ್ಲದ್ದು ಒಂದಿದೆ. ಅಜ್ಜಿಯ ಬಲಗೈ ನಡುಗುವುದು ಜಾಸ್ತಿಯಾಗಿದೆ. ವಯಸ್ಸಿನ ನಡುಕ, ಗಾಬರಿ ಬೇಡ ಅಂದಿದ್ದಾರೆ ಡಾಕ್ಟರು, ಮಾತ್ರೆಯೂ ಕೊಟ್ಟಿದ್ದಾರೆ. ಆದರೆ ನಮ್ಮ ಊಟದ ಮೇಜು ಗಾಜಿನದು. ಅವಳು ಲೋಟ ಇಟ್ಟರೆ ಟಕಟಕಟಕ ಅಂತ ಸದ್ದು. ನಾವು ಮಾತು ನಿಲ್ಲಿಸುತ್ತೇವೆ, ಆಮೇಲೆ ಇಬ್ಬರೂ ಒಟ್ಟಿಗೇ ಮಾತು ಶುರುಮಾಡುತ್ತೇವೆ. ಎರಡರಲ್ಲಿ ಯಾವುದು ಅವಳನ್ನು ಹೆಚ್ಚು ನೋಯಿಸುತ್ತದೋ ಗೊತ್ತಿಲ್ಲ. ಅಮ್ಮನ ಜೊತೆ ಕೆಲಸ ಮಾಡುವವರು ಒಬ್ಬರು ಊಟಕ್ಕೆ ಬಂದಿದ್ದ ದಿನ ಲೋಟ ಜಾರಿ ಸೀದಾ ಅವರ ಮಡಿಲಿಗೆ ಬಿತ್ತು. ಮಾರನೆಯ ದಿನದಿಂದ ಅಜ್ಜಿ ತಟ್ಟೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಕರೆದರೆ, "ನೀವು ಮಾಡಿ, ನಂಗೆ ಮಂಚದ ಮೇಲೆ ಕೂತ್ರೇನೇ ಊಟ ಸೇರೋದು" ಅನ್ನುತ್ತಾಳೆ. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆ ನಿನ್ನಮ್ಮ!

ಅವಳನ್ನು ಮತ್ತೆ ನಮ್ಮ ಜೊತೆ ಊಟಕ್ಕೆ ಕೂರಿಸಬೇಕು ಅಪ್ಪ. ನನಗೆ ಈ ಮನೆಯಲ್ಲಿ ಆಗಬೇಕಾದ ಕೆಲಸ ಅದೊಂದೇ, ಮಿಕ್ಕಿದ್ದೆಲ್ಲ ಬಣ್ಣ ಬಳಿಯುವುದು. ಆ ಕಣಜದ ಹಲಗೆಗಳಿಂದಲೇ ಹೊಸ ಮೇಜು ಮಾಡಿಸಿದರೆ ಹೇಗೆ? ನೀನು ಅಳತೆಯ ಮನುಷ್ಯ, ಏನಾದರೂ ಹೇಳು.

ನಿನ್ನ
ನಟ್ಟು


ಫೆಬ್ರವರಿ ೨

ನಟ್ಟು,

ಕಾಗದ ಸಿಕ್ಕಿತು. ನಾಲಿಗೆಯ ತುಕ್ಕಿನ ಬಗ್ಗೆ ಬರೆದದ್ದನ್ನು ನಮ್ಮ ಚೀಫ್ ಎಂಜಿನಿಯರಿಗೆ ಓದಿ ಹೇಳಿದೆ. ಅವರು ಕೈಸನ್ನೆಯಲ್ಲೇ ನಕ್ಕರು.

ಆ ಹಲಗೆಗಳನ್ನು ಗುಜರಿಗೆ ಹಾಕದೆ ಇಟ್ಟದ್ದು ಕೇಳಿ ಬಹಳ ಸಂತೋಷವಾಯಿತು. ಒಂದು ಹಲಗೆಯ ಕೆಳಗೆ ದುಂಡಗೆ ಒಂದು ಕಿಂಡಿ ಇದೆ ನೋಡು, ಕಾಳು ಇಳಿಸಿಕೊಳ್ಳಲು. ಐದಾರು ವರ್ಷದವನಿದ್ದಾಗ ನಾನು ಅದರೊಳಗೆ ಕೈ ತೂರಿಸಿ ಮುಷ್ಟಿ ತುಂಬ ಕಾಳು ಹಿಡಿದು ಸಿಕ್ಕಿಹಾಕಿಕೊಂಡಿದ್ದೆ. ಮುಷ್ಟಿ ಬಿಟ್ಟಿದ್ದರೆ ಕೈ ತಾನಾಗಿ ಬರುತ್ತಿತ್ತು, ಬಿಡಲಿಲ್ಲ. ನಿನ್ನ ಅಜ್ಜಿ ಬಯ್ಯಲಿಲ್ಲ, ಹೊಡೆಯಲೂ ಇಲ್ಲ. ಪಕ್ಕದಲ್ಲಿ ಕೂತು ತನ್ನ ಪಾಡಿಗೆ ತಾನು ಊಟ ಶುರುಮಾಡಿದಳು. ಹಸಿವು ತಡೆಯದೆ ನಾನೇ ಮುಷ್ಟಿ ಬಿಟ್ಟೆ. ಅಂಥ ಹೆಂಗಸು ಈಗ ಒಬ್ಬಳೇ ಬಾಗಿಲು ಹಾಕಿಕೊಂಡು ಉಣ್ಣುತ್ತಾಳೆ ಅಂದರೆ ನಂಬಲಾಗುವುದಿಲ್ಲ.

ನಿಮ್ಮಮ್ಮನದ್ದೂ ತಪ್ಪಿಲ್ಲ. ನಾನು ಕೆಲಸ ಮಾಡಿದ ಹಡಗುಗಳಲ್ಲಿ ಶುಚಿಯಾದ ಎಂಜಿನ್ ರೂಮು ಎಷ್ಟೋ ಕಂಡಿದ್ದೇನೆ, ನಿಮ್ಮಮ್ಮನ ಅಡುಗೆಮನೆಯ ಮುಂದೆ ಅವು ನಿಲ್ಲುವುದಿಲ್ಲ. ಅವಳಿಗೆ ಸ್ಟೀಲು ಕೊಡು, ನನ್ನಮ್ಮನಿಗೆ ಮರ ಕೊಡು. ಎರಡೂ ಒಂದೇ ಮೇಜಿನಲ್ಲಿ ಇರಬಾರದು ಅಂತ ಎಲ್ಲೂ ಬರೆದಿಲ್ಲ.

ಒಂದು ನಕ್ಷೆ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಬಿಡುವಿನಲ್ಲೆಲ್ಲ ಕೂತು ಮಾಡಿದ್ದು, ಅಳತೆ ಎರಡು ಸಲ ನೋಡಿದ್ದೇನೆ. ಒಳ್ಳೆಯ ಮೇಜು ಅಂದರೆ ಹೇಗಿರಬೇಕು ಅಂತ ನನಗೆ ಗೊತ್ತಿರುವುದನ್ನೆಲ್ಲ ಅದರಲ್ಲಿ ಹಾಕಿದ್ದೇನೆ. ಬಡಗಿಗೆ ತೋರಿಸು.

ಅಪ್ಪ


ಫೆಬ್ರವರಿ ೨೪

ಅಪ್ಪ,

ನಕ್ಷೆ ಬಂತು. ಬರೆಯುವಾಗ ಇನ್ನೂ ಹೊಟ್ಟೆ ಹಿಡಿದುಕೊಂಡಿದ್ದೇನೆ. ಮೇಜಿನ ಸುತ್ತ ಬೆರಳೆತ್ತರದ ಸ್ಟೀಲಿನ ಅಂಚುಪಟ್ಟಿ! ಮೇಜಿನ ಕಾಲು ನೆಲಕ್ಕೆ ಬೋಲ್ಟು! ಕುರ್ಚಿಯ ಕಾಲು ನೆಲಕ್ಕೆ ಬೋಲ್ಟು! ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ನಿಮ್ಮಪ್ಪನ ಪ್ರಕಾರ ನಮ್ಮ ಮನೆ ಯಾವ ಬಂದರಿಗೆ ಹೊರಟಿದ್ಯಂತೆ?" ಅಂದಳು. ಅಷ್ಟೇ, ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು. ಅಮ್ಮ ಹಾಗೆ ನಕ್ಕು ಯಾವ ಕಾಲವಾಗಿತ್ತೋ.

ಅಪ್ಪ, ಇದು ಮನೆ, ಅಲುಗಾಡುವುದಿಲ್ಲ. ಇಲ್ಲಿ ತಟ್ಟೆ ಇಟ್ಟ ಕಡೆಯೇ ಇರುತ್ತದೆ. ನಿನಗೆ ಅದು ಮರೆತೇ ಹೋಗಿದೆ!

ಗದ್ದಲ ಕೇಳಿ ಅಜ್ಜಿ ಹೊರಗೆ ಬಂದಳು. ವಿಷಯ ಹೇಳಿದೆವು. ಅವಳು ನಗಲಿಲ್ಲ. ನಕ್ಷೆಯನ್ನು ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿ, "ಗೆರೆ ಎಷ್ಟು ನೆಟ್ಟಗೆ ಎಳೆದಿದಾನೆ" ಅಂದಳು, ಕೋಣೆಗೆ ಹೋದಳು.

ಮಿಕ್ಕ ಕೆಲಸ ಭರ್ಜರಿಯಾಗಿ ಸಾಗಿದೆ. ನಡುಮನೆಯ ಒಂದು ಗೋಡೆಯ ಗಾರೆ ಕೆತ್ತಿಸಿದರೆ ಒಳಗೆ ಎಂಥ ಇಟ್ಟಿಗೆ ಗೊತ್ತಾ, ಒಂದೊಂದೂ ಒಂದೊಂದು ಕೆಂಪು. ಹಾಗೇ ಬಿಡೋಣ ಅಂದೆ. ಅಮ್ಮ ಬೆರಳಿಂದ ಉಜ್ಜಿ, ಪುಡಿ ತೋರಿಸಿ, "ಇದನ್ನ ದಿನಾ ಯಾರು ಒರೆಸೋದು, ನಿನ್ನ ಗಂಡನಾ?" ಅಂದಳು. ಇಲ್ಲದ ಗಂಡನನ್ನು ಎಳೆತರುವುದರಲ್ಲಿ ಅವಳು ಎತ್ತಿದ ಕೈ. ಕೊನೆಗೆ ಅವಳೇ ಯಾವುದೋ ಬಣ್ಣವಿಲ್ಲದ ಲೇಪ ಹುಡುಕಿ ತಂದಳು. ಈಗ ಕೈಗೆ ಪುಡಿ ಹತ್ತುವುದಿಲ್ಲ, ನೋಡುವುದಕ್ಕೆ ಒರಟು ಒರಟಾಗಿಯೇ ಇದೆ. ಅದರ ಮುಂದೆ ಅಮ್ಮನ ತೆಳ್ಳಗಿನ ಬಿಳಿ ಶೆಲ್ಫುಗಳನ್ನು ಹಾಕಿಸಿದ್ದೇನೆ. ಸಂಜೆ ಬಿಸಿಲು ಬಿದ್ದರೆ ಅಮ್ಮನೇ ಬಂದು ಸುಮ್ಮನೆ ನಿಂತು ನೋಡುತ್ತಾಳೆ, ನಾನು ಕಂಡರೆ ಧೂಳು ಹುಡುಕುವ ಹಾಗೆ ನಟಿಸುತ್ತಾಳೆ. ಅಜ್ಜಿಯ ದೊಡ್ಡ ಬುಟ್ಟಿಯನ್ನು ಬೋರಲು ಹಾಕಿ ಒಳಗೆ ಬಲ್ಬು ಇಳಿಬಿಟ್ಟಿದ್ದೇನೆ. "ಕೋಳಿ ಮುಚ್ಚೋ ಬುಟ್ಟೀಲಿ ದೀಪ ಮುಚ್ಚಿದೀಯಲ್ಲೇ" ಅಂತ ಬೈದಳು. ಆಮೇಲೆ ಗೋಡೆಯ ಮೇಲೆ ಬಿದ್ದ ಅದರ ನೆರಳಿನ ಹೆಣಿಗೆಯನ್ನು ಬೆರಳಿನಿಂದ ಎಣಿಸುತ್ತಾ ಕೂತಿದ್ದಳು. ಅವಳೇ ಹೆಣೆದದ್ದಂತೆ, ನನಗೆ ಗೊತ್ತೇ ಇರಲಿಲ್ಲ.

ಹಲಗೆಗಳು ಬಡಗಿಯ ಅಂಗಡಿಗೆ ಹೋಗಿವೆ. ನಕ್ಷೆ ನಾನೇ ಬೇರೆ ಮಾಡಿಕೊಡುತ್ತೇನೆ ಅಂತ ಹೇಳಿದ್ದೇನೆ. ಊಟಕ್ಕೆ ಅಜ್ಜಿ ಇನ್ನೂ ಹೊರಗೆ ಬಂದಿಲ್ಲ.

ನಟ್ಟು


ಮಾರ್ಚ್ ೧೯

ನಟ್ಟು,

ನಿಮ್ಮಮ್ಮ ನಕ್ಕಳು ಅಂದರೆ ನಕ್ಷೆ ವ್ಯರ್ಥವಾಗಲಿಲ್ಲ. ಹರಿದು ಹಾಕು. ನಾನು ಯೋಚನೆ ಮಾಡದೆ ಬರೆದೆ. ಇಲ್ಲಿ ಊಟದ ಕೋಣೆಯಲ್ಲಿ ಎಲ್ಲ ಮೇಜೂ ಹಾಗೇ ಇರುತ್ತವೆ, ಬೇರೆ ಥರದ್ದೂ ಇರುತ್ತವೆ ಅನ್ನುವುದು ಹೊಳೆಯಲೇ ಇಲ್ಲ.

ಒಂದು ವಿಷಯ ಬರೆಯುತ್ತೇನೆ, ದೂರು ಅಂದುಕೊಳ್ಳಬೇಡ. ರಜೆಗೆ ಬಂದಾಗಲೆಲ್ಲ ನೋಡಿದ್ದೇನೆ, ನಮ್ಮ ಮೇಜಿಗೆ ಮೂರು ಕುರ್ಚಿ. ನಾನು ಬಂದರೆ ವರಾಂಡದಿಂದ ಆ ನೀಲಿ ಪ್ಲಾಸ್ಟಿಕ್ ಕುರ್ಚಿ ತರುತ್ತೀರಿ. ನೀವು ಮೂರೇ ಜನ ಇರುವವರು, ಮೂರೇ ಕುರ್ಚಿ ಸರಿಯೇ. ಆದರೆ ಅದರಲ್ಲಿ ಕೂತಾಗ ಊಟ ಮುಗಿದ ಮೇಲೆ ಕುರ್ಚಿಯ ಜೊತೆ ನಾನೂ ಎದ್ದು ವರಾಂಡಕ್ಕೆ ಹೋಗಬೇಕೇನೋ ಅನ್ನಿಸುತ್ತದೆ. ಹಡಗಿನಲ್ಲಿ ನನ್ನ ಕುರ್ಚಿ ನೆಲಕ್ಕೆ ಜಡಿದಿದೆ. ಯಾರೂ ಅದನ್ನು ಎಳೆದು ತರುವುದಿಲ್ಲ, ತಗೊಂಡು ಹೋಗುವುದೂ ಇಲ್ಲ. ಬಹುಶಃ ಅದಕ್ಕೇ ಹಾಗೆ ಬರೆದೆನೋ ಏನೋ.

ಜುಲೈ ಹತ್ತಿರ ಬರುತ್ತಿದ್ದ ಹಾಗೆ ಸ್ವಲ್ಪ ಭಯವಾಗುತ್ತಿದೆ. ಇದನ್ನು ನಿಮ್ಮಮ್ಮನಿಗೆ ಹೇಳಬೇಡ.

ಅಪ್ಪ


ಏಪ್ರಿಲ್ ೨೧

ಅಪ್ಪ,

ನಿನ್ನ ಕಾಗದ ಓದಿ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಆ ನೀಲಿ ಕುರ್ಚಿಯನ್ನು ನೋಡಿದರೆ ಒದೆಯಬೇಕು ಅನ್ನಿಸುತ್ತಿತ್ತು. ಉತ್ತರ ಬರೆಯಲು ಕೂತರೆ ಏನು ಬರೆದರೂ ಸಾಲದು ಅನ್ನಿಸಿ ಎದ್ದುಬಿಡುತ್ತಿದ್ದೆ. ಅಷ್ಟರಲ್ಲಿ ಒಂದು ಘಟನೆ ಆಯಿತು. ಇನ್ನು ಬರೆಯದೆ ಇರುವ ಹಾಗೇ ಇಲ್ಲ.

ಹೋದ ಶನಿವಾರ ಬಡಗಿ ಮೇಜು ತಂದ. ಸುತ್ತಿದ್ದ ಗೋಣಿತಾಟು ಬಿಚ್ಚಿದರೆ ಏನಿದೆ? ಸುತ್ತ ಬೆರಳೆತ್ತರದ ಸ್ಟೀಲಿನ ಅಂಚು. ಕಾಲಿನ ಬುಡದಲ್ಲಿ ಬೋಲ್ಟಿನ ತೂತು. ನಿನ್ನ ನಕ್ಷೆ, ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ!

"ಇದೇನ್ರೀ ಇದು?" ಅಂದೆ.

"ನಿಮ್ಮ ಮನೆಯಿಂದ ಬಂದ ನಕ್ಷೆ ತಾನೇ ಮೇಡಂ?" ಅಂದ. "ನಾನೂ ಕೇಳ್ದೆ ನಮ್ಮ ಹುಡುಗರನ್ನ, ಇದೇನ್ ಮೇಜೋ ಟ್ರೇಯೋ ಅಂತ. ಆದ್ರೂ ಒಂದ್ ಮಾತು ಹೇಳ್ತೀನಿ, ಈ ಲೆಕ್ಕ ಹಾಕಿದವ್ರು ಯಾರೋ ಗಟ್ಟಿಗರು. ಎಲ್ಲೂ ಒಂದ್ ಸಂದಿ ತಪ್ಪಿಲ್ಲ."

ನಾನು ಕೊಡಬೇಕಾದ ನಕ್ಷೆ ಇನ್ನೂ ನನ್ನ ಕಂಪ್ಯೂಟರಿನಲ್ಲೇ ಅರ್ಧ ಆಗಿ ಕೂತಿತ್ತು. ಕೆಲಸದ ಗಡಿಬಿಡಿಯಲ್ಲಿ ಬೇರೆ ಕಾಗದಗಳ ಜೊತೆ ನಿನ್ನದು ಹೋಗಿಬಿಟ್ಟಿರಬೇಕು ಅಂತ ನನ್ನನ್ನೇ ಬೈದುಕೊಂಡೆ. ಅಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಂಚಿನ ಮೂಲೇಲಿ ಕಸ ಕೂರುತ್ತೆ, ನಂಗೆ ಬೇಡ, ಕತ್ತರಿಸಿ" ಅಂತ ಶುರುಮಾಡಿದವಳು ಮೂಲೆಗೆ ಬೆರಳಿಟ್ಟು ಬಗ್ಗಿ ನೋಡಿದಳು. ನಾಲ್ಕು ಮೂಲೆಯಲ್ಲೂ ಪಟ್ಟಿ ಕೂಡುವುದಿಲ್ಲ ಅಪ್ಪ, ಎರಡು ಬೆರಳಷ್ಟು ತೆರಪು ಬಿಟ್ಟಿದ್ದೀಯ. ಒರೆಸಿದ್ದೆಲ್ಲ ಅಲ್ಲಿಂದ ಸಲೀಸಾಗಿ ಹೊರಗೆ ಹೋಗುತ್ತದೆ. ನಾವು ಬಿದ್ದು ಬಿದ್ದು ನಗುವಾಗ ಅದನ್ನು ನೋಡಿರಲೇ ಇಲ್ಲ. ಅಮ್ಮ ಬಟ್ಟೆ ತಂದು ಒಂದು ಸಲ ಎಳೆದಳು. ಇನ್ನೊಂದು ಸಲ ಎಳೆದಳು. "ನಮ್ಮ ಲ್ಯಾಬಿನ ಬೆಂಚಿಗೂ ಈ ಬುದ್ಧಿ ಯಾರೂ ಉಪಯೋಗಿಸಿಲ್ಲ" ಅಂದಳು, ನಿಧಾನವಾಗಿ, ಬಡಗಿಗೆ ಕೇಳದ ಹಾಗೆ.

ಮೇಜು ಎಷ್ಟು ಚೆಂದ ಇದೆ ಅಂತ ಹೇಳಲು ನನಗೆ ಬರುತ್ತಿಲ್ಲ. ಹಲಗೆ ಕಪ್ಪು ಅಂದುಕೊಂಡಿದ್ದೆ, ಬಡಗಿ ಹತ್ತರಿಯಿಂದ ಹೆರೆದ ಮೇಲೆ ಒಳಗೆ ಬೆಲ್ಲದ ಬಣ್ಣ. ಮೂಗು ಹತ್ತಿರ ಇಟ್ಟರೆ ಈಗಲೂ ಕಾಳಿನ ವಾಸನೆ. ನೀನು ಕೈ ಸಿಕ್ಕಿಸಿಕೊಂಡ ಕಿಂಡಿಯನ್ನು ಮರ ತುಂಬಿ ಮರೆಮಾಡದೆ ಅದರಲ್ಲಿ ದುಂಡನೆಯ ಸ್ಟೀಲಿನ ಬಿಲ್ಲೆ ಕೂರಿಸಿದ್ದಾನೆ, ಬಿಸಿ ಪಾತ್ರೆ ಇಡಲು. ನಾನು ಓದಿದ ಓದಿನಲ್ಲಿ ಹಳತು ಹೊಸತು ಬೆರೆಸುವುದರ ಬಗ್ಗೆ ಬೇಕಾದಷ್ಟು ಪಾಠ ಇತ್ತು. ಬೆರೆತದ್ದನ್ನು ಕಣ್ಣಾರೆ ಕಂಡದ್ದು ಈಗಲೇ.

ಅಷ್ಟಾದರೂ, ಅಂಚು ಬೇಡ, ಸೋಮವಾರ ಬಿಚ್ಚಿಸೋಣ ಅಂತಲೇ ತೀರ್ಮಾನವಾಗಿತ್ತು. ಭಾನುವಾರ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅಜ್ಜಿ ಚಹಾದ ಲೋಟ ಹಿಡಿದು ಬಂದು ಹೊಸ ಮೇಜಿನ ಮುಂದೆ ಒಬ್ಬಳೇ ಕೂತಳು. ನಾನು ಸದ್ದಿಗೆ ಕಾಯುತ್ತಿದ್ದೆ. ಸದ್ದೇ ಬರಲಿಲ್ಲ. ಆ ದಪ್ಪ ಮರ ಅವಳ ನಡುಕವನ್ನು ಒಳಗೇ ನುಂಗಿಕೊಂಡಿತ್ತು. ಲೋಟ ಜರುಗುತ್ತಾ ಅಂಚಿನವರೆಗೆ ಹೋಯಿತು, ಪಟ್ಟಿಗೆ ತಾಗಿ ನಿಂತಿತು. ಅಜ್ಜಿ ಅದನ್ನೇ ನೋಡಿದಳು. ಆಮೇಲೆ ಮಣಿಕಟ್ಟನ್ನು ಪಟ್ಟಿಯ ಮೇಲೆ ಊರಿ ಲೋಟ ಎತ್ತಿದಳು. ಕೈ ನಡುಗುತ್ತಿತ್ತು, ಆದರೆ ಅರ್ಧಕ್ಕರ್ಧ ಕಡಿಮೆ. ಬಾಯಿಗೆ ಹೋಯಿತು. ಒಂದು ಹನಿ ಚೆಲ್ಲಲಿಲ್ಲ ಅಪ್ಪ. ಒಂದು ಹನಿ!

ನಾನು ಒಲೆಯ ಮುಂದೆ ನಿಂತು ಅತ್ತೆ. ಹಾಲು ಉಕ್ಕಿ ಹರಿಯಿತು. ಅಮ್ಮ ಓಡಿ ಬಂದು ಬೈಯಲು ಬಾಯಿ ತೆರೆದವಳು ನಾನು ನೋಡುತ್ತಿದ್ದ ಕಡೆ ನೋಡಿ, ಹಾಲನ್ನು ಹಾಗೇ ಬಿಟ್ಟಳು. ಅಮ್ಮ! ಉಕ್ಕಿದ ಹಾಲನ್ನು! ಹಾಗೇ ಬಿಟ್ಟಳು!

ಅವತ್ತು ಊಟಕ್ಕೆ ಯಾರೂ ಅಜ್ಜಿಯನ್ನು ಕರೆಯಲಿಲ್ಲ. ಕರೆದರೆ ಎಲ್ಲಿ ಕೆಡುತ್ತದೋ ಅಂತ. ಎಂದಿನ ಹಾಗೆ ತಟ್ಟೆ ಹಿಡಿದುಕೊಂಡು ಕೋಣೆಯ ಕಡೆ ಹೋದಳು, ಬಾಗಿಲವರೆಗೆ ಹೋಗಿ ತಿರುಗಿದಳು. "ಮಂಚದ ಮೇಲೆ ಯಾಕೋ ಸೊಂಟ ಹಿಡ್ಕೊಳುತ್ತೆ, ಇಲ್ಲೇ ಕೂರ್ತೀನಿ" ಅಂತ ನಮ್ಮ ನಡುವೆ ಬಂದು ಕೂತಳು.

ನಮ್ಮ ಮನೆ ಅಲುಗಾಡುವುದಿಲ್ಲ ಅಂತ ಬರೆದಿದ್ದೆನಲ್ಲ, ಅದನ್ನು ಹಿಂದಕ್ಕೆ ತಗೊಂಡಿದ್ದೇನೆ. ನೀನು ಮಾಡಿದ ಮೇಜಿನಂಥ ಮೇಜನ್ನು ನಾನು ಜನ್ಮದಲ್ಲಿ ಮಾಡಲಾರೆ. ಕೆಳಗೆ ಅಮ್ಮನೂ ಎರಡು ಸಾಲು ಬರೆಯುತ್ತಾಳಂತೆ.

ನಿನ್ನ
ನಟ್ಟು

ನಾನು. ಅಂಚು ತೆಗೆಸುವುದಿಲ್ಲ. ಅತ್ತೆಯವರು ಚೆನ್ನಾಗಿ ಊಟ ಮಾಡುತ್ತಿದ್ದಾರೆ, ನನ್ನ ಅಡುಗೆಗೆ ಹೆಸರಿಡುವುದನ್ನೂ ಶುರುಮಾಡಿದ್ದಾರೆ, ಕೇಳಲು ಹಿತವಾಗಿದೆ. ನೀವು ಇಷ್ಟು ಜಾಣರು ಅಂತ ಮದುವೆಯಾಗುವಾಗ ಯಾರೂ ಹೇಳಿರಲಿಲ್ಲ. ಬೇಗ ಬನ್ನಿ.


ಮೇ ೧೬

ನಟ್ಟು,

ಕಾಗದವನ್ನು ಊಟದ ಕೋಣೆಯಲ್ಲಿ ಓದಿದೆ. ಕಣ್ಣೊರೆಸಿಕೊಳ್ಳುವುದು ಕಂಡು ಅಡುಗೆಯವನು ಏನೋ ಕೆಟ್ಟ ಸುದ್ದಿ ಅಂತ ನೀರು ತಂದುಕೊಟ್ಟ. ಮೇಜು ಚೆನ್ನಾಗಿ ಬಂದಿದೆಯಂತೆ ಅಂದೆ. ಅವನು ಇನ್ನೊಂದು ಲೋಟ ತಂದುಕೊಟ್ಟ.

ಮಣಿಕಟ್ಟು ಅಂಚಿನ ಮೇಲೆ ಊರುವುದು ನಾವು ಇಲ್ಲಿ ಗಾಳಿ ಎದ್ದಾಗಲೆಲ್ಲ ಮಾಡುವ ಕೆಲಸ. ಹೊಸದಾಗಿ ಬಂದವರಿಗೆ ಅದನ್ನೇ ಮೊದಲು ಕಲಿಸುವುದು. ನನ್ನಮ್ಮ ಅದನ್ನು ಯಾರೂ ಹೇಳಿಕೊಡದೆ ಒಂದೇ ಸಂಜೆಯಲ್ಲಿ ಕಲಿತಳು. ನನಗೆ ಹೆಮ್ಮೆಯಿಂದ ಎದೆ ತುಂಬಿದೆ. ನಿನ್ನ ಬಗ್ಗೆಯೂ, ನಿಮ್ಮಮ್ಮನ ಬಗ್ಗೆಯೂ. ಆ ಎರಡು ಸಾಲನ್ನು ಎಷ್ಟು ಸಲ ಓದಿದೆ ಅಂತ ಅವಳಿಗೆ ಹೇಳಬೇಡ, ತಲೆಯ ಮೇಲೆ ಕೂರುತ್ತಾಳೆ.

ಕುರ್ಚಿಯ ವಿಷಯ ಬರೆದದ್ದನ್ನು ಮರೆತುಬಿಡು. ಯಾವುದರಲ್ಲಿ ಬೇಕಾದರೂ ಕೂರುತ್ತೇನೆ.

ಅಪ್ಪ


ಜೂನ್ ೧೧

ಮಗನೇ,

ಇದನ್ನು ನಾನೇ ಬರೆಯುತ್ತಿದ್ದೇನೆ, ಯಾರ ಕೈಯಲ್ಲೂ ಬರೆಸಿದ್ದಲ್ಲ. ಕೈ ನಡುಗಲು ಶುರುವಾದ ಮೇಲೆ ಪೆನ್ನು ಹಿಡಿದೇ ಇರಲಿಲ್ಲ. ಈಗ ನಿನ್ನ ಪಟ್ಟಿಯ ಮೇಲೆ ಕೈ ಊರಿ ಕೂತಿದ್ದೇನೆ. ಅಕ್ಷರ ಮೇಲೆ ಕೆಳಗೆ ಹೋಗುತ್ತಿದೆ. ನೀನು ಸಮುದ್ರ ಕಂಡವನು, ಓದಿಕೊಳ್ಳುತ್ತೀಯ.

ಆ ನಕ್ಷೆ ಬಡಗಿಯ ಹತ್ತಿರ ಹೇಗೆ ಹೋಯಿತು ಅಂತ ನಿನ್ನ ಮಗಳು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾಳೆ. ಕೊಟ್ಟವಳು ನಾನು. ಅವನು ಹಲಗೆ ಒಯ್ಯಲು ಬಂದಾಗ ಕಟ್ಟಿನ ಮೇಲೆ ಇಟ್ಟು, "ಹೀಗೇ ಮಾಡಪ್ಪ, ಯಾರು ಏನೇ ಅಂದ್ರೂ ಹೀಗೇ ಮಾಡು" ಅಂದೆ. ನನ್ನ ಕೈಗೆ ಒಳ್ಳೆಯದಾಗುತ್ತದೆ ಅಂತ ಕೊಟ್ಟದ್ದಲ್ಲ, ಅದೆಲ್ಲ ನನಗೇನು ಗೊತ್ತು? ಅವರಿಬ್ಬರೂ ನಗುತ್ತಿದ್ದರಲ್ಲ, ನನಗೆ ಸಿಟ್ಟು ಬಂತು. ನನ್ನ ಮಗ ಅಷ್ಟು ದೂರದಲ್ಲಿ ಕೂತು, ಅಷ್ಟು ನೆಟ್ಟಗೆ ಗೆರೆ ಎಳೆದು ಕಳಿಸಿದ್ದಾನೆ, ಅದರ ಮುಂದೆ ಕೂತು ಉಣ್ಣಲಾಗದಿದ್ದರೂ ಸರಿ, ಅದು ಈ ಮನೆಯಲ್ಲಿ ಇರಬೇಕು ಅನ್ನಿಸಿತು. ಈಗ ಎಲ್ಲರೂ ನಿನ್ನನ್ನು ಹೊಗಳುವುದೇ ಹೊಗಳುವುದು. ನಾನು ಏನೂ ತಿಳಿಯದವಳ ಹಾಗೆ ಕೂತು ಉಣ್ಣುತ್ತೇನೆ.

ಮನೆ ಚೆನ್ನಾಗಿ ಮಾಡಿದ್ದಾಳೆ ಹುಡುಗಿ. ನನ್ನ ಬೀಸುವ ಕಲ್ಲಿಗೆ ಗಾಳಿಗೆ ಬಾಗಿಲು ಬಡಿಯದ ಹಾಗೆ ತಡೆಯುವ ಕೆಲಸ ಕೊಟ್ಟಿದ್ದಾಳೆ, ಅದಕ್ಕೂ ಸುಮ್ಮನೆ ಕೂತು ಬೇಜಾರಾಗಿತ್ತು. ನಿನ್ನ ಹೆಂಡತಿ ದಿನಾ ಬೆಳಿಗ್ಗೆ ಅದನ್ನೂ ಒರೆಸುತ್ತಾಳೆ. ಒಳ್ಳೆಯವಳು. ನಾನು ಹೇಳಿದೆ ಅಂತ ಹೇಳಬೇಡ.

ಇನ್ನೊಂದು. ನೀನು ಕುರ್ಚಿಯ ಬಗ್ಗೆ ಬರೆದದ್ದನ್ನು ನಿನ್ನ ಮಗಳು ನನಗೆ ಓದಿ ಹೇಳಿದಳು, ನಾನು ಕೇಳಿಯೇ ಓದಿಸಿದ್ದು, ಅವಳನ್ನು ಬಯ್ಯಬೇಡ. ಆ ನೀಲಿ ಕುರ್ಚಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಮಿಕ್ಕ ಹಲಗೆಯಲ್ಲಿ ನಿನಗೊಂದು ಕುರ್ಚಿ ಮಾಡಿಸಿದ್ದೇವೆ. ನಮ್ಮ ಮೂವರ ಕುರ್ಚಿ ಹಿಂದೆ ಮುಂದೆ ಎಳೆಯಬಹುದು. ನಿನ್ನದನ್ನು ಮಾತ್ರ ನೆಲಕ್ಕೆ ಬೋಲ್ಟು ಹಾಕಿಸಿದ್ದೇನೆ, ನಿನ್ನ ನಕ್ಷೆಯಲ್ಲಿ ಇದ್ದ ಹಾಗೆಯೇ, ಕಿಂಡಿಯ ಎದುರಿಗೆ. ಹೊಸ ನೆಲಕ್ಕೆ ತೂತು ಕೊರೆಯಬೇಕಲ್ಲ ಅಂತ ಬಡಗಿ ಅನುಮಾನ ಮಾಡಿದ. "ಕೊರೀರಿ" ಅಂದದ್ದು ನಿನ್ನ ಹೆಂಡತಿ.

ಕಸ ಗುಡಿಸುವಾಗಲೂ ಅದನ್ನು ಯಾರೂ ಅಲುಗಾಡಿಸುವ ಹಾಗಿಲ್ಲ. ಬಂದು ಕೂತುಕೋ.

ನಿನ್ನ
ಅಮ್ಮ